ಎತ್ತರದ ಪೈಪು ಬೇಡ

ಪ್ರೀತಿಯ ತಮ್ಮಾ,

ನಿಮ್ಮ ಭಾವ ಜೀಪು ತಗೊಂಡು ನಿನ್ನ ಗ್ಯಾರೇಜಿಗೇ ಬರ್ತಿದ್ದಾರೆ. ಸೈಲೆನ್ಸರ್ ಬದಲಾಯಿಸು ಅಂತಾರೆ, ಬದಲಾಯಿಸು. ಎಷ್ಟು ಬೇಕಾದರೂ ಗುಡುಗಲಿ, ಬೀದಿಯವರ ಹತ್ತಿರ ನಾನು ಬೈಸಿಕೊಳ್ತೀನಿ. ಆದರೆ ಇಂಜಿನ್ನಿಗೆ ಗಾಳಿ ಎಳೆಯೋ ಪೈಪನ್ನು ಟಾಪಿನವರೆಗೂ ಏರಿಸು ಅಂದರೆ, ಸಾಮಾನು ಸಿಗಲಿಲ್ಲ ಅಂತ ಹೇಳಿ ಸಾಗಹಾಕು.

ಹೋದ ತಿಂಗಳು ಹೊಳೆ ದಾಟುವಾಗ ನೀರು ಬಾನೆಟ್ಟಿನವರೆಗೆ ಬಂದಿತ್ತಂತೆ. ಮಗಳು ಹಿಂದಿನ ಸೀಟಲ್ಲಿದ್ದಳು. ಇವರು ಅದನ್ನು ನಗುನಗುತ್ತಾ ಹೇಳಿದರು. ಅವಳು ಮಾತ್ರ ಇವತ್ತಿಗೂ ಸ್ನಾನದ ಬಕೆಟ್ಟನ್ನು ಅರ್ಧಕ್ಕಿಂತ ಮೇಲೆ ತುಂಬೋಕೆ ಬಿಡಲ್ಲ.

ನಿಮ್ಮ ಭಾವನಿಗೆ ನನ್ನ ಭಯವಂತೂ ಮೊದಲಿನಿಂದಲೂ ಇಲ್ಲ. ಇರೋದು ಒಂದೇ ಭಯ, ಇಂಜಿನ್ ನೀರು ಕುಡಿದು ಕೆಟ್ಟುಹೋದೀತು ಅಂತ. ಪೈಪನ್ನು ನೀರಿಗೆ ಸಿಗದಷ್ಟು ಮೇಲೇರಿಸಿ ಆ ಒಂದನ್ನೂ ನೀನು ಬಿಚ್ಚಿಹಾಕಬೇಡ ಮಾರಾಯ.

ಕೆಲಸಕ್ಕೆ ನಿಂತರೆ ನೀನು ಫೋನ್ ಎತ್ತಲ್ಲ. ಬೇರೆ ದಾರಿಯಿಲ್ಲದೆ ಲಕೋಟೆ ಅಂಟಿಸಿ ಅವರ ಕೈಲೇ ಕಳಿಸ್ತಿದ್ದೀನಿ.

ನಿನ್ನ ಅಕ್ಕ

ರೀ, ನೀವು ಒಡೆದು ಓದ್ತೀರಿ ಅಂತ ನನಗೆ ಗೊತ್ತಿತ್ತು. ಬೇಕಾದರೆ ಪೈಪು ಹಾಕಿಸಿಕೊಂಡೇ ಬನ್ನಿ. ಮುಂದಿನ ಸಲ ಹೊಳೆಗೆ ಇಳಿಯುವಾಗ ಆ ಹಿಂದಿನ ಸೀಟಲ್ಲಿ ನಾನು ಕೂತಿರ್ತೀನಿ. ನನಗೆ ಈಜು ಬರಲ್ಲ.