ಹೊತ್ತಿಳಿಸಿದ ದಾರಿ

ಅಕ್ಟೋಬರ್ ೧೪, ಮಂಗಳವಾರ. ಬೆಟ್ಟದ ಮೇಲಿನ ತಂಗುಮನೆ.

ಎಡ ಪಾದದ ಕೀಲು ಊದಿಕೊಂಡಿದೆ. ಆದರೂ ತಲುಪಿದ್ದೇನೆ, ಒಬ್ಬಳೇ.

ಹೋದ ವರ್ಷ ಇಲ್ಲೇ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಾಗ ನಾಲ್ವರು ನನ್ನನ್ನು ಹೊತ್ತು ಕೆಳಗಿಳಿಸಿದ್ದರು. ಅಂದಿನಿಂದ ನಾನು ಮನೆಯ ಮೆಟ್ಟಿಲು ಹತ್ತಿದರೂ ಅಕ್ಕ "ಹುಷಾರು ಕಣೇ" ಅನ್ನುತ್ತಾಳೆ. ಕೇಳಿ ಕೇಳಿ ಕಿವಿ ತೂತಾಗಿದೆ.

ಇವತ್ತು ಅದೇ ಬಂಡೆಯ ಬುಡಕ್ಕೆ ಬಂದಾಗ ಮಂಜು ಕವಿದಿತ್ತು. ಹಿಂದಿರುಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಕೈ ಮೊಣಕಾಲು ಊರಿ, ಮಗುವಿನ ಹಾಗೆ ಅಂಬೆಗಾಲಿಟ್ಟು ಹತ್ತಿದೆ. ಪ್ಯಾಂಟು ಹರಿಯಿತು.

ತಂಗುಮನೆಯಲ್ಲಿ ಫಾರೆಸ್ಟ್ ಗಾರ್ಡ್ ಒಲೆ ಹಚ್ಚುತ್ತಿದ್ದರು. ಅಂದು ನನ್ನನ್ನು ಹೊತ್ತವರಲ್ಲಿ ಇವರೂ ಒಬ್ಬರು. ನೋಡಿದ ಕೂಡಲೇ ಗುರುತು ಹಿಡಿದರು.

"ಅಯ್ಯೋ ಟೀಚರಮ್ಮ, ಮತ್ತೆ ಬಂದ್ರಾ? ನನ್ನ ಹೆಗಲು ಇನ್ನೂ ನೋಯ್ತಾ ಇದೆ ಕಣ್ರೀ!"

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಇಡೀ ವರ್ಷದಲ್ಲಿ ಆ ದಿನದ ಮಾತೆತ್ತಿ ನನ್ನನ್ನು ನಗಿಸಿದವರು ಇವರೊಬ್ಬರೇ.

ಆಮೇಲೆ ನನ್ನ ಪಾದ ನೋಡಿ ಅವರ ನಗು ನಿಂತಿತು. "ನಾಳೆ ಬಂಡೆ ಹತ್ರ ನಾನೂ ಬರ್ತೀನಿ. ಕೈ ಹಿಡ್ಕೊಂಡು ಇಳೀರಿ."

"ಬೇಡ ಅಣ್ಣ. ನೀವು ಕೆಳಗೆ ನಿಂತಿರಿ, ಸಾಕು. ಇಳಿಯೋದು ನಾನೇ."

ಅವರು ಒಲೆಗೆ ಇನ್ನೊಂದು ಕಟ್ಟಿಗೆ ಒಡ್ಡಿದರು. "ಆಯ್ತು. ಆದ್ರೆ ಕರೆದ್ರೆ ಬಂದೇ ಬರ್ತೀನಿ."

"ಕರೆದ್ರೆ ಬನ್ನಿ" ಅಂದೆ.

ಆರಕ್ಕೆ ಹೊರಡಬೇಕು. ಹೆದರಿಕೆ ಹೋಗಿಲ್ಲ, ಸುಳ್ಳೇಕೆ. ಗಂಟೆಗಟ್ಟಲೆ ಹಿಡಿದರೂ ಸರಿ, ನಾಳೆ ಈ ಬೆಟ್ಟವನ್ನು ನನ್ನ ಕಾಲಲ್ಲೇ ಇಳಿಯುತ್ತೇನೆ. ನಿದ್ದೆ ಎಳೆಯುತ್ತಿದೆ, ಇನ್ನು ಮಲಗಬೇಕು.