ಇನ್‌ಸುಕ್‌ಳ ಕಡಲು

ಸೊಲ್ಮೋಕ್, ಜೇಜು ದ್ವೀಪ
೧೧ ಏಪ್ರಿಲ್ ೨೦೧೯

ಚಿರಂಜೀವಿ ಮುನ್‌ಸಿಕ್‌ಗೆ,

ಅತ್ತೆಯ ಆಶೀರ್ವಾದಗಳು. ಹೊಸ ವರ್ಷಕ್ಕೆ ನೀನು ಬರೆದ ಪತ್ರ, ಮೊಮ್ಮಗಳು ಸೋರಾಳ ಫೋಟೋ ಎರಡೂ ತಲುಪಿದ್ದವು. ಉತ್ತರ ಬರೆಯುವಷ್ಟರಲ್ಲಿ ವಸಂತ ಬಂತು. ಕೈನೋವು, ಕೆಲಸ ಎಂದು ನೆಪ ಹೇಳುವುದಿಲ್ಲ. ಹೇಳಬೇಕಾದ ವಿಷಯ ತೀರ್ಮಾನವಾಗುವವರೆಗೆ ಲೇಖನಿ ಹಿಡಿಯಬಾರದೆಂದು ಕಾದಿದ್ದೆ, ಅಷ್ಟೆ. ಮನ್ನಿಸು.

ಸೋರಾ ಎತ್ತರವಾಗಿದ್ದಾಳೆ. ನಿಲ್ಲುವಾಗ ಬೆನ್ನು ಬಾಗಿಸುತ್ತಾಳೆ; ನೆಟ್ಟಗೆ ನಿಲ್ಲಲು ಹೇಳು. ಅವಳ ಹುಟ್ಟುಹಬ್ಬದ ಸಾರಿಗೆ ಒಣಗಿಸಿದ ಕಡಲಪಾಚಿ ಕಳಿಸಿದ್ದೇನೆ. ನೀವಿರುವ ಮೊಕ್ಪೋದ ಪಾಚಿಯಲ್ಲಿ ಮಾಡಿದ್ದನ್ನು ನಾನು ಸಾರು ಎನ್ನುವುದಿಲ್ಲ.

ಊರಲ್ಲಿ ಆರೋಗ್ಯ ಆವರಣ ಕಟ್ಟುತ್ತಾರಂತೆ, ನಿಜವೇ ಎಂದು ನೀನು ಕೇಳಿದ್ದೆ. ನಿಜ. ಚಿಕಿತ್ಸಾಲಯ, ಕೀಲುನೋವಿಗೆ ಬಿಸಿನೀರಿನ ಕೊಳ, ಮರೆವು ಹಿಡಿದವರನ್ನು ಹಗಲು ನೋಡಿಕೊಳ್ಳುವ ಮನೆ, ಒಂಟಿಯಾಗಿರುವವರು ಜೊತೆಗೆ ಕೂತು ಉಣ್ಣುವ ಅಡುಗೆಮನೆ, ಎಲ್ಲ ಒಂದೇ ಬೇಲಿಯೊಳಗೆ. ಜಾಗವನ್ನೂ ಹಣದ ಹೆಚ್ಚಿನ ಭಾಗವನ್ನೂ ಸರ್ಕಾರ ಕೊಡುತ್ತದೆ. ಊರಿನ ಪಾಲು ಎಲ್ಲಿಂದ ಬರುತ್ತದೆಂದು ಮಾರ್ಚ್ ಮುಗಿಯುವುದರೊಳಗೆ ಬರೆದುಕೊಡಬೇಕಿತ್ತು. ಇಲ್ಲವಾದರೆ ಇಡೀ ಯೋಜನೆ ಪಕ್ಕದ ಊರಿಗೆ.

ನಮ್ಮಲ್ಲಿ ಇರುವುದು ಕಡಲೊಂದೇ. ನಾನು ಓದಿದ ಶಾಲೆಯನ್ನು ನಮ್ಮ ಅಜ್ಜಿಯರು ಕಟ್ಟಿದ್ದೂ ಅದರಿಂದಲೇ. ಒಂದು ತುಂಡು ಕಡಲನ್ನು ಶಾಲೆಗೆಂದು ಎತ್ತಿಟ್ಟು, ಅಲ್ಲಿ ಮುಳುಗಿ ತೆಗೆದ ಚಿಪ್ಪು, ಪಾಚಿಯನ್ನೆಲ್ಲ ಮಾರಿ ಶಾಲೆಗೇ ಕೊಟ್ಟರು. ಈಗಲೂ ಹಾಗೇ ಮಾಡೋಣವೆಂದು ಎಲ್ಲರೂ ಒಪ್ಪಿದರು. ಯಾವ ತುಂಡು ಎಂಬಲ್ಲಿ ಜಗಳ ಹತ್ತಿತು.

ಮುಳುಗುವ ಹೆಂಗಸರೆಲ್ಲ ದಡದಲ್ಲಿ ಬೆಂಕಿಯ ಸುತ್ತ ಕೂತಿದ್ದೆವು. ಯಜಮಾನಿಯಾದ ನನ್ನ ಜಾಗ ಹೊಗೆ ಬಾರದ ಕಡೆ. ಎಲ್ಲರಿಗಿಂತ ಚಿಕ್ಕವಳು ಯೂಜಿನ್ ಹೊಗೆಯಲ್ಲಿ. ಅವಳೇ ಬಾಯಿ ತೆಗೆದಳು.

“ಅಜ್ಜಿಯರ ಕಡಲು ಕೊಟ್ಟುಬಿಡೋಣ. ದಡದ ಪಕ್ಕದಲ್ಲೇ ಇದೆ, ಆಳ ಇಲ್ಲ. ಅಜ್ಜಿಯರಿಗೆ ಹೇಗೂ ಬಿಸಿನೀರಿನ ಕೊಳ ಬರುತ್ತಲ್ಲ.”

“ಮಾತಿಗೆ ಇಷ್ಟುದ್ದ ಉಸಿರಿದೆ. ನೀರಲ್ಲಿ ಯಾಕೇ ಅಷ್ಟು ಬೇಗ ಮೇಲೆ ಬರ್ತೀಯ?” ಎಂದೆ.

ಎಲ್ಲರೂ ನಕ್ಕರು, ಅವಳು ನಗಲಿಲ್ಲ. “ಬೈಯಿರಿ ದೊಡ್ಡಮ್ಮ. ಆದ್ರೆ ಬೇರೆ ಎಲ್ಲಿ, ನೀವೇ ಹೇಳಿ. ಉಳಿದ ಕಡೆ ಸಿಗೋದು ನಮ್ಮ ಹೊಟ್ಟೆಗೇ ಸಾಲ್ತಿಲ್ಲ.”

ಅದು ಸುಳ್ಳಲ್ಲ. ಆದರೆ ಆಳಕ್ಕೆ ಹೋಗಲಾರದ ಮುದುಕಿಯರಿಗೆಂದೇ ಬಿಟ್ಟ ನೀರು ಅದು. ಎಂಬತ್ತು ದಾಟಿದ ಬೂ ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು.

“ನನ್ನ ಕಡಲು ಕಿತ್ಕೊಂಡು ನನಗೇ ಆಸ್ಪತ್ರೆ ಕಟ್ತೀರಾ? ನೆಲದ ಮೇಲೆ ನನಗೆ ಈ ಕೋಲು ಬೇಕು. ನೀರಲ್ಲಿ ಬೇಡ. ಅಲ್ಲಿಗೆ ಇಳಿಯೋದು ನಿಲ್ಲಿಸಿದ ದಿನ ನನ್ನನ್ನ ಆಸ್ಪತ್ರೆಗೆ ಒಯ್ಯಬೇಡಿ, ನೆಟ್ಟಗೆ ಹೂಳೋ ಗುಡ್ಡಕ್ಕೆ ಹೊತ್ಕೊಂಡು ಹೋಗಿ.”

ಉಳಿದದ್ದು ಒಂದೇ ತುಂಡು. ಅದು ಎಲ್ಲರ ತಲೆಯಲ್ಲೂ ಇತ್ತು. ಯಾರೂ ನನ್ನ ಮುಖ ನೋಡಲಿಲ್ಲ. ಮುಳುಗಿ ಸತ್ತವಳ ಕಡಲಿಗೆ, ಅವಳ ಮನೆಯವರು ಬಾಯಿಬಿಟ್ಟು ಹೇಳುವವರೆಗೆ ನಮ್ಮಲ್ಲಿ ಯಾರೂ ಇಳಿಯುವುದಿಲ್ಲ. ಕರಿಬಂಡೆಯಾಚೆಯ ಆ ನೀರನ್ನು ಎಂಟು ವರ್ಷದಿಂದ ಯಾರೂ ಮುಟ್ಟಿಲ್ಲ. ಅಲ್ಲಿ ಚಿಪ್ಪುಗಳು ಅಂಗೈಯಗಲ ಬೆಳೆದಿರುತ್ತವೆ ಎಂಬುದು ಮಕ್ಕಳಿಗೂ ಗೊತ್ತು.

“ನನ್ನ ಮಗಳ ಕಡಲು, ಇನ್‌ಸುಕ್‌ಳ ಕಡಲು ತಗೊಳ್ಳಿ,” ಎಂದೆ.

ಬೂ ಅಜ್ಜಿ ಮಾತ್ರ ಕೇಳಿದಳು: “ಅಳಿಯನ್ನ ಕೇಳಿದೀಯೇನೇ?”

“ಬರೀತೀನಿ.”

“ಬರೆಯೋದು ಬೇರೆ, ಕೇಳೋದು ಬೇರೆ.”

“ನೀನು ನಿನ್ನ ಕೋಲು ನೋಡ್ಕೋ,” ಎಂದೆ.

ಮುನ್‌ಸಿಕ್, ಕೇಳಬೇಕಿತ್ತು. ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ, ನಾನೂ ಅದನ್ನೇ ಹಿಡಿದು ಕೂತುಬಿಡುತ್ತಿದ್ದೆ. ಅಂದು ಇನ್‌ಸುಕ್‌ಳನ್ನು ದಡಕ್ಕೆ ಎಳೆದಾಗ ಉಸಿರಿತ್ತು. ಗಾಡಿ ಓಡಿಸಿದವನು ನೀನು, ಅವಳ ತಲೆ ನನ್ನ ಮಡಿಲಲ್ಲಿ. ನಗರದ ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಉಸಿರಿರಲಿಲ್ಲ. ಆ ದಾರಿಯ ಬಗ್ಗೆ ನಾವಿಬ್ಬರೂ ಈವರೆಗೆ ಒಂದು ಮಾತೂ ಆಡಿಲ್ಲ. ಈಗಲೂ ಇಷ್ಟೇ ಸಾಕು.

ಊರಿನ ಮುಖ್ಯಸ್ಥ ಬಂದು ಕಟ್ಟಡಕ್ಕೆ ಅವಳ ಹೆಸರಿಡೋಣ ಎಂದ. “ಬೇಡ. ನೆಗಡಿ ಬಂದೋರೆಲ್ಲ ನನ್ನ ಮಗಳ ಹೆಸರು ಹೇಳ್ಕೊಂಡು ಓಡಾಡೋದು ಬೇಡ,” ಎಂದೆ. ಒಂದೇ ಷರತ್ತು ಹಾಕಿದೆ. ಚಿಕಿತ್ಸಾಲಯದ ಒಂದು ಬಾಗಿಲು ದಡದ ಕಡೆಗೆ ತೆರೆಯಬೇಕು, ಇಬ್ಬರು ಸೇರಿ ಒಬ್ಬಳನ್ನು ಹೊತ್ತು ತರುವಷ್ಟು ಅಗಲ ಇರಬೇಕು. ನಕ್ಷೆ ತಿದ್ದಿ ತಂದು ತೋರಿಸಿದರು. ಬಾಗಿಲು ಇದೆ.

ಹೇಳದೆ ಮಾಡಿದೆನೆಂದು ಕೋಪವಿದ್ದರೆ ಇಟ್ಟುಕೋ, ಅದು ನಿನ್ನ ಹಕ್ಕು. ಆದರೆ ಶರತ್ಕಾಲದಲ್ಲಿ ಅಡಿಪಾಯ ಹಾಕುವ ದಿನ ಸೋರಾಳನ್ನು ಕರೆದುಕೊಂಡು ಬಾ. ಮನೆಯವರಿಲ್ಲದೆ ಆ ಕೆಲಸ ಆಗಬಾರದು. ಸಿಗರೇಟು ಹೆಚ್ಚು ಮಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮಿಬ್ಬರನ್ನೂ ಸಮುದ್ರದ ತಾಯಿ ಕಾಯಲಿ.

ನಿನ್ನ ಅತ್ತೆ,
ಯಾಂಗ್ ಮಾಲ್‌ಸುನ್

ತಾ.ಕ.: ಕಳೆದ ವಾರ ಆ ನೀರಿಗೆ ಮೊದಲ ಸಲ ಇಳಿದೆವು. ಯಜಮಾನಿಯೆಂದು ನಾನೇ ಮುಂದೆ ಹೋದೆ. ಮೇಲೆ ಬಂದು ಉಸಿರು ಬಿಡುವಾಗ ಪ್ರತಿಯೊಬ್ಬಳ ಸಿಳ್ಳೆಯೂ ಬೇರೆ. ನೀನಂತೂ ದಡದಲ್ಲಿ ಕೂತೇ ಇನ್‌ಸುಕ್‌ಳದನ್ನು ಗುರುತಿಸುತ್ತಿದ್ದೆ. ಯೂಜಿನ್‌ಗೆ ಮುಳುಗಲು ಕಲಿಸಿದವಳು ಅವಳೇ ಎಂಬುದು ನನಗೆ ಮರೆತಿತ್ತು. ಬೆನ್ನ ಹಿಂದೆ ಅದೇ ಸಿಳ್ಳೆ ಕೇಳಿಸಿತು, ಮೊದಲು ಗಿಡ್ಡ, ಆಮೇಲೆ ಉದ್ದ. “ಬಂದ್ಯಾ ಇನ್‌ಸುಕ್?” ಎಂದುಬಿಟ್ಟೆ. ಎಲ್ಲರಿಗೂ ಕೇಳಿಸಿತು. ಯೂಜಿನ್ ನನ್ನ ಪಕ್ಕಕ್ಕೆ ಈಜಿ ಬಂದು, “ಬಂದೆ ಅಮ್ಮ,” ಎಂದಳು. ನಾನು ಅವಳನ್ನು ಬೈಯಲಿಲ್ಲ. ಇಷ್ಟನ್ನು ಸೋರಾಗೆ ಓದಿ ಹೇಳಬೇಡ.