ಹತ್ತು ಪ್ರಶ್ನೆಗೂ ಇಲ್ಲ

ನೇಸರಗಿ
18 ಆಗಸ್ಟ್ 2024

ಪ್ರಜ್ಞಕ್ಕಾ,

ಫೋನ್ ಮಾಡಿದರೆ ನಿಮ್ಮತ್ತೆ ಎತ್ತುತ್ತಾರೆ, ಎತ್ತಿ ಸ್ಪೀಕರಿಗೆ ಹಾಕುತ್ತಾರೆ. ಅದಕ್ಕೇ ಈ ಪತ್ರ. ನಿಮ್ಮ ಮನೋಳಿಯ ಆಶಾ ಕಾರ್ಯಕರ್ತೆ ಪದ್ಮವ್ವ ರಕ್ತದ ಗುಳಿಗೆಯ ಜೊತೆ ತಂದುಕೊಡುತ್ತಾಳೆ.

ಕಳೆದ ವಾರ ಸರ್ವೆಗೆಂದು ನಿಮ್ಮ ಮನೆಗೆ ಬಂದಾಗ ನಾನೊಂದು ತಪ್ಪು ಮಾಡಿದೆ. ಕೊರೊನಾ ಬಂದು ಹೋದವರಲ್ಲಿ ದಣಿವು, ದಮ್ಮು, ಮರೆವು ಯಾರಿಗೆ ಇನ್ನೂ ಉಳಿದಿದೆ ಎಂದು ತಿಳಿಯಲು ಹತ್ತು ಪ್ರಶ್ನೆ. ಕೇಳಿದ್ದು ನಿನ್ನನ್ನು, ಉತ್ತರ ಕೊಟ್ಟವರು ಕೃಷ್ಣವ್ವತ್ತೆ. "ನಮ್ಮ ಸೊಸಿಗೆ ಏನಾಗೇತಿ? ದಿನಾ ನಲವತ್ತ ರೊಟ್ಟಿ ಬಡೀತಾಳ. ಏನೂ ಇಲ್ಲಂತ ಬರಕೋವಾ." ನೀನು ಸೆರಗು ಸರಿಮಾಡಿಕೊಂಡು ತಲೆಯಾಡಿಸಿದೆ. ನಾನು ಮೊಬೈಲಿನಲ್ಲಿ ಹತ್ತಕ್ಕೂ "ಇಲ್ಲ" ಒತ್ತಿದೆ.

ಆಮೇಲೆ ನೀರು ಕುಡಿಯಲು ಒಳಗೆ ಬಂದೆ. ನಾಲ್ಕು ರೊಟ್ಟಿಗೊಮ್ಮೆ ನೀನು ಗೋಡೆಗೆ ತಲೆ ಕೊಟ್ಟು ಕಣ್ಣು ಮುಚ್ಚುತ್ತಿದ್ದೆ. ಹಂಚಿನ ಮೇಲಿನದು ಸೀದ ವಾಸನೆ ಬಂದಾಗ ಎಚ್ಚರ. ಸೀದ ಐದು ರೊಟ್ಟಿ ನಿನ್ನ ತಾಟಿನಲ್ಲಿದ್ದವು. ನಾನು ಕೇಳಿದರೆ ನೀನು, "ಸುಮ್ಮನಿರವಾ, ಎಲ್ಲಾರಿಗೂ ದಣಿವ ಆಕ್ಕೈತಿ" ಎಂದೆ.

ಅತ್ತೆ ಕೆಟ್ಟವರಲ್ಲ. ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದರು: "ನಿಮ್ಮಕ್ಕನ ನಾದಿನಿಗೆ ವರಾ ನೋಡಾಕ ಹತ್ತೇವಿ. ಮನ್ಯಾಗ ಜಡ್ಡ ಐತಿ ಅಂದ್ರ ಯಾರ ಬರತಾರ?" ಹೆಸರು ಬರೆಯುವುದಿಲ್ಲ, ಬರೀ ನಂಬರ್ ಎಂದೆ. "ನಂಬರ್ ನಿಮ್ಮ ಡಾಕ್ಟರಿಗೆ. ಓಣ್ಯಾಗಿನ ಮಂದಿಗೆ ಕಣ್ಣಿಲ್ಲೇನು?" ಎಂದರು.

ನಮ್ಮ ಮೇಲಿನವರಾದ ವಿರೂಪಾಕ್ಷ ಸರ್ ಬಳಿ ಹೋಗಿ ನಿನ್ನ ಉತ್ತರ ತಿದ್ದಿ ಎಂದೆ. "ನೀ ಕಂಡದ್ದಲ್ಲ, ಅವರು ಹೇಳಿದ್ದು ಬರೀಬೇಕು" ಎಂದರು. ಸವದತ್ತಿ ದವಾಖಾನೆಗೆ ನೀನೇ ಬಂದು ಹೇಳಿದರೆ ಮಾತ್ರ ತಿದ್ದುತ್ತಾರಂತೆ. ಗುರುವಾರ ಕೊನೆಯ ದಿನ.

ಈವರೆಗೆ ಹೌದು ಎಂದವರು ಇಪ್ಪತ್ತಾರು ಜನ, ಎಲ್ಲರೂ ಗಂಡಸರು. ಹೆಂಗಸರಿಗೆ ಈ ಜಡ್ಡು ಉಳಿಯುವುದೇ ಇಲ್ಲ ಎಂದು ನಾಳೆ ಯಾರಾದರೂ ಬರೆದಾರು. ನಲವತ್ತು ಜನರಾದರೆ ಸವದತ್ತಿಗೆ ವಾರಕ್ಕೊಮ್ಮೆ ಈ ಜಡ್ಡಿನ ಡಾಕ್ಟರು ಬರುತ್ತಾರೆ. ಇಲ್ಲದಿದ್ದರೆ ಬೆಳಗಾವಿಗೇ ಹೋಗಬೇಕು. ನಿನ್ನನ್ನು ಯಾರು ಕಳಿಸುತ್ತಾರೆ? ಇದಕ್ಕೆಂದೇ ಗುಳಿಗೆ ಇನ್ನೂ ಇಲ್ಲವಂತೆ. ಆದರೆ ದಣಿಯುವ ಮೊದಲೇ ಕೂರಬೇಕು, ಕೆಲಸ ಹಂಚಿಕೊಳ್ಳಬೇಕು ಎಂದು ಡಾಕ್ಟರು ಮನೆಯವರನ್ನು ಕೂರಿಸಿ ಹೇಳುತ್ತಾರೆ. ನಿಮ್ಮ ಮನೆಗೆ ಬೇಕಾದದ್ದು ಅದೇ.

ಎಲ್ಲಮ್ಮನ ಗುಡ್ಡಕ್ಕೆ ಎಂದು ಹೇಳಿ ಬರಲಿ ಅಂತ ಅವ್ವ ಉಪಾಯ ಹೇಳಿದಳು. ನಾನು ಒಪ್ಪಲಿಲ್ಲ. ದವಾಖಾನೆಗೆ ಎಂದೇ ಹೇಳಿ ಬಾ. ಗುರುವಾರ ಹತ್ತು ಗಂಟೆಗೆ ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ.

ನಿನ್ನ ತಂಗಿ,
ಶಿವಾನಿ

ತಾ.ಕ.: ಗಣಿತದ ಮಾಸ್ತರರ ಜೊತೆ ಜಗಳವಾಡಿ ಸಾಲಿ ಬಿಟ್ಟೆ ಎಂದು ನಿಮಗೆಲ್ಲ ಹೇಳಿದ್ದೇನೆ. ಜಗಳವಾಡಿದ್ದು ನಿಜ. ಆದರೆ ಆ ಕೊರೊನಾ ಜ್ವರದ ನಂತರ ಪುಟದ ಕೆಳಗೆ ಬರುವಷ್ಟರಲ್ಲಿ ಮೇಲಿನದು ಮರೆಯುತ್ತಿತ್ತು. ಈ ಪತ್ರಕ್ಕೂ ನಾಲ್ಕು ದಿನ ಹಿಡಿಯಿತು. ಸರ್ವೆಯಲ್ಲಿ ಮೊದಲು ತುಂಬಿದ್ದು ನನ್ನದೇ ಫಾರ್ಮು. ಯಾವ ಅತ್ತೆಯೂ ಪಕ್ಕದಲ್ಲಿರಲಿಲ್ಲ, ಆದರೂ ಹತ್ತಕ್ಕೂ "ಇಲ್ಲ" ಎಂದೇ ಒತ್ತಿದ್ದೆ. ಗುರುವಾರ ಮೊದಲು ನನ್ನದು ತಿದ್ದಿಸುತ್ತೇನೆ. ನೀನು ಪಕ್ಕದಲ್ಲಿರು.